ಗಣಿತದ ಭಯ: ಗಡಿಯಾರ ಇಟ್ಟು ಅಭ್ಯಾಸ ಮಾಡಿಸಿ

ಮಾನ್ಯರೇ,

ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಚಿಂತಾಮಣಿ ಕಡೆಯ ಎಷ್ಟೋ ಮಕ್ಕಳು ಊಟ, ನಿದ್ದೆ ಎರಡನ್ನೂ ಬಿಡುತ್ತಾರೆ. ಇವರು ಓದದ ಮಕ್ಕಳಲ್ಲ. ಲೆಕ್ಕ ಗೊತ್ತಿದ್ದರೂ ಪ್ರಶ್ನೆಪತ್ರಿಕೆ ಕಂಡ ತಕ್ಷಣ ಕೈ ನಡುಗುತ್ತದೆ.

ಸುಮ್ನೆ ನೋಟ್ಸ್ ಓದಿದರೆ ಗಣಿತ ಬರುವುದಿಲ್ಲ. ಪೆನ್ನು ಹಿಡಿದು ಬಿಡಿಸಬೇಕು, ಅದೂ ಗಡಿಯಾರ ಇಟ್ಟುಕೊಂಡು. 80 ಅಂಕಗಳ ಪತ್ರಿಕೆಗೆ 3 ಗಂಟೆ 15 ನಿಮಿಷ ಇದೆ. ಅದರಲ್ಲಿ 15 ನಿಮಿಷ ಪ್ರಶ್ನೆ ಓದುವುದಕ್ಕೇ ಮೀಸಲು. ಆ ಹೊತ್ತಿನಲ್ಲಿ ಸುಲಭದ ಪ್ರಶ್ನೆಗಳನ್ನು ಗುರುತಿಸಿಕೊಂಡು, ಥೇಲ್ಸ್ ಪ್ರಮೇಯವೋ ನಕ್ಷೆಯೋ, ಚೆನ್ನಾಗಿ ಬರುವುದನ್ನು ಮೊದಲು ಬರೆದರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ಇದಕ್ಕೂ ಅಭ್ಯಾಸ ಬೇಕು ಅಲ್ವಾ? ಮನೆಯಲ್ಲಿ ನಾವು ಪಕ್ಕದ ಮನೆ ಹುಡುಗನ ಅಂಕ ಹೇಳಿ ಹೆದರಿಸುವುದೇ ಜಾಸ್ತಿ. ಪರೀಕ್ಷೆ 1 ಕೈಕೊಟ್ಟರೆ ಪರೀಕ್ಷೆ 2 ಇದೆ ಎಂದು ಧೈರ್ಯ ಹೇಳುವುದು ಕಡಿಮೆ.

ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆ ಹಿಡಿದು, ಪ್ರತಿ ಪ್ರೌಢಶಾಲೆಯೂ ಕೊನೆಯ ತಿಂಗಳು ವಾರಕ್ಕೊಮ್ಮೆ, ಓದುವ 15 ನಿಮಿಷವನ್ನೂ ಸೇರಿಸಿ ಪೂರ್ತಿ ಪರೀಕ್ಷೆ ಬರೆಸಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ದಿನ ಮಾತ್ರ ಹೊಸ ಲೆಕ್ಕ, ವಿಶೇಷ ತರಗತಿ ಬೇಡ. ಮಕ್ಕಳು ಬೇಗ ಮಲಗಲಿ.

– ಒಬ್ಬ ಪೋಷಕಿ, ಚಿಂತಾಮಣಿ