ಶನಿವಾರದ ಡಿಸ್ನಿಲ್ಯಾಂಡ್: ದೋಣಿ ಹತ್ತುವವರು ಓದಿ

ಎಲ್ಲರಿಗೂ ನಮಸ್ಕಾರ. ಊರಿಂದ ಬಂದಿರುವ ಅಪ್ಪ ಅಮ್ಮಂದಿರು ನೀರು ಅಂದರೆ ಹೆದರುತ್ತಾರೆ, ದೋಣಿ ಹತ್ತಿಸಬಹುದಾ ಅಂತ ಕೆಲವರು ಕೇಳಿದ್ದಿರಿ. ಹೆದರಬೇಕಿಲ್ಲ. ಜಂಗಲ್ ಕ್ರೂಸ್ ಅನ್ನುವ ದೋಣಿ ಸವಾರಿಯ ನದಿ ಆಳವೇ ಇಲ್ಲ, ದೋಣಿ ಸಾಗುವುದು ನೀರಿನಡಿಯ ಹಳಿ ಹಿಡಿದು, ಆ ಹಳಿ ಕಾಣಬಾರದು ಅಂತಲೇ ನೀರಿಗೆ ಬಣ್ಣ ಹಾಕಿ ಮಬ್ಬಾಗಿ ಇಟ್ಟಿರುತ್ತಾರೆ, ಕೊಳಕು ಅಂದುಕೊಂಡು ಮೂಗು ಮುಚ್ಚಬೇಡಿ. 1955ರಲ್ಲಿ ಈ ಕ್ಯಾಲಿಫೋರ್ನಿಯಾದ ಪಾರ್ಕ್ ಶುರುವಾದಾಗಿಂದಲೂ ಈ ಸವಾರಿ ಇದೆ. ಹಿಪ್ಪೊ, ಆನೆ ಎಲ್ಲ ಯಂತ್ರದವು. ದೋಣಿ ನಡೆಸುವವರ ಜೋಕು ಮಾತ್ರ ಅಷ್ಟಕ್ಕಷ್ಟೇ, ಅದೇ ಮಜಾ.

ಪಾರ್ಕಿನ ಇನ್ನೊಂದು ನದಿಯಲ್ಲಿರುವ ಮಾರ್ಕ್ ಟ್ವೈನ್ ಹಡಗೂ ಹಳಿಯ ಮೇಲೇ ಹೋಗುತ್ತದೆ, ಆದರೆ ಚಕ್ರ ತಿರುಗಿಸುವ ಹಬೆ ನಿಜವಾದದ್ದು. ಕೂತು ಸುಸ್ತು ಕಳೆಯಲು ಒಳ್ಳೆ ಜಾಗ. ಅದೇ ನದಿಯ ಕನೂ ಅನ್ನುವ ಉದ್ದನೆ ದೋಣಿಗೆ ಹಳಿ ಇಲ್ಲ, ನಾವೇ ಹುಟ್ಟು ಹಾಕಬೇಕು, ಮಂಡಿನೋವು ಇರುವವರು ಸುಮ್ನೆ ದಡದಲ್ಲಿ ನಿಂತು ಫೋಟೊ ತೆಗೆಯಿರಿ. ಕನೂ ಎಲ್ಲ ದಿನ ಇರುವುದಿಲ್ಲ, ಬೆಳಿಗ್ಗೆ ಆ್ಯಪ್ ನೋಡಿ.

ಫ್ಲಾರಿಡಾದಲ್ಲೂ ನೋಡೋಣ ಅನ್ನುವವರಿಗೆ: ಅಲ್ಲಿನ ಡಿಸ್ನಿ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿದ್ದ, ಮಾರ್ಕ್ ಟ್ವೈನ್ ಓಡುವಂಥದೇ ನದಿಯನ್ನು 2025ರ ಜುಲೈನಲ್ಲಿ ಮುಚ್ಚಿದರು, ಅಲ್ಲಿ ಕಾರುಗಳ ರೈಡ್ ಬರುತ್ತದಂತೆ. ನನಗಂತೂ ಹಿಡಿಸಲಿಲ್ಲ.

ಕನೂಗೆ ಯಾರ್ಯಾರು ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹಾಕಿ.