ಎರಡೂವರೆ ವರ್ಷದ ಮಗುವಿಗೂ ಮಾಸ್ಕ್ ಕಡ್ಡಾಯವೇ?

ಮಾನ್ಯರೇ,

ಕೋವಿಡ್‌ನಿಂದಾಗಿ ವಿಮಾನಗಳಲ್ಲಿ ಮಾಸ್ಕ್ ಕಡ್ಡಾಯವಾಗಿದ್ದ 2022ರಲ್ಲಿ ಎರಡೂವರೆ ವರ್ಷದ ಮೊಮ್ಮಗಳೊಂದಿಗೆ ವಿಮಾನದಲ್ಲಿ ಊರಿಗೆ ಮರಳುವಾಗ, ಮಗುವಿಗೆ ಮಾಸ್ಕ್ ಹಾಕದಿದ್ದರೆ ಒಳಗೆ ಬಿಡುವುದಿಲ್ಲವೆಂದು ಸಿಬ್ಬಂದಿಯೊಬ್ಬರು ಪಟ್ಟು ಹಿಡಿದರು. ದೊಡ್ಡವರ ಮಾಸ್ಕಿನ ದಾರಕ್ಕೆ ಎರಡೆರಡು ಗಂಟು ಹಾಕಿ ಕಿವಿಗೆ ಸಿಕ್ಕಿಸಿದೆವು. ಹತ್ತೇ ನಿಮಿಷದಲ್ಲಿ ಅದು ಜೊಲ್ಲು, ಕಣ್ಣೀರು, ಬಿಸ್ಕತ್ತಿನ ಪುಡಿಯಿಂದ ತೊಯ್ದು ಮುದ್ದೆಯಾಗಿ ಗಲ್ಲದ ಕೆಳಗೆ ಜೋತಾಡುತ್ತಿತ್ತು. ಅಂಥ ಒದ್ದೆ ಬಟ್ಟೆಯಿಂದ ಯಾರಿಗೆ ಏನು ರಕ್ಷಣೆಯೋ ತಿಳಿಯದು.

ಐದು ವರ್ಷ ಮತ್ತು ಅದಕ್ಕಿಂತ ಕಿರಿಯ ಮಕ್ಕಳಿಗೆ ಮಾಸ್ಕ್ ಕಡ್ಡಾಯಗೊಳಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರಲ್ಲೇ ಸಲಹೆ ನೀಡಿದ್ದವು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವು 2022ರ ಜನವರಿಯಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಈ ವಯಸ್ಸಿನವರಿಗೆ ಮಾಸ್ಕ್ ಶಿಫಾರಸು ಮಾಡಿಲ್ಲ. 6ರಿಂದ 11 ವರ್ಷದವರು, ಅದನ್ನು ಸರಿಯಾಗಿ ಬಳಸಬಲ್ಲವರಾದರೆ, ಹೆತ್ತವರ ನಿಗಾದಲ್ಲಿ ಧರಿಸಬಹುದೆಂದಿದೆ. ಅಮೆರಿಕದ ವಿಮಾನಗಳಲ್ಲಿ 2022ರ ಏಪ್ರಿಲ್‌ವರೆಗೆ ಎರಡು ತುಂಬಿದ ಮಕ್ಕಳಿಗೂ ಮಾಸ್ಕ್ ಬೇಕೆಂಬ ನಿಯಮವಿದ್ದದ್ದು ನಿಜ, ಆದರೆ ನಾವು ಹತ್ತಿದ್ದು ದೇಶದೊಳಗಿನ ವಿಮಾನ.

ಸೋಂಕಿನ ಭಯವನ್ನು ನಾನು ಅಲ್ಲಗಳೆಯುತ್ತಿಲ್ಲ; ನಾವು ಹಿರಿಯರು ಮನೆ ತಲುಪುವವರೆಗೂ ಮಾಸ್ಕ್ ತೆಗೆಯಲಿಲ್ಲ. ನನ್ನ ಬೇಡಿಕೆ ಇಷ್ಟೇ: ಇಂಥ ನಿಯಮವಿದ್ದಾಗ ಯಾವ ವಯಸ್ಸಿನ ಮಕ್ಕಳಿಗೆ ವಿನಾಯಿತಿ ಎಂಬುದನ್ನು ವಿಮಾನಯಾನ ಸಂಸ್ಥೆಗಳು ಟಿಕೆಟ್‌ನಲ್ಲೇ ನಮೂದಿಸಬೇಕು, ಮತ್ತು ನಮ್ಮ ಮಂಡಕಳ್ಳಿಯೂ ಸೇರಿದಂತೆ ರಾಜ್ಯದ ಎಲ್ಲ ವಿಮಾನ ನಿಲ್ದಾಣಗಳಲ್ಲಿ ಈ ಬಗ್ಗೆ ಕನ್ನಡದಲ್ಲಿ ಫಲಕ ಹಾಕಿಸಬೇಕು.

– ಒಬ್ಬ ಅಜ್ಜಿ, ಸರಸ್ವತಿಪುರಂ, ಮೈಸೂರು