ನನ್ನ ಫೈಲನ್ನು ನನ್ನದಾಗಿಯೇ ಉಳಿಸಿದವರಿಗೆ

ಮೊನ್ನೆ ತಪಾಸಣೆಗೆ ಹೋದಾಗ ಡಾಕ್ಟರ್ ಮೇಡಂ, "ಇನ್ನು ಆರು ತಿಂಗಳಿಗೊಮ್ಮೆ ಬಂದರೆ ಸಾಕು" ಎಂದರು. ಶಸ್ತ್ರಚಿಕಿತ್ಸೆ, ಕಿಮೋ, ರೇಡಿಯೇಷನ್ ಎಲ್ಲವೂ ಮುಗಿದಿವೆ. ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ಇನ್ನೂ ಕೆಲವು ವರ್ಷ ನುಂಗಬೇಕು, ಅಷ್ಟೇ. ನನಗೆ ಸ್ತನ ಕ್ಯಾನ್ಸರ್ ಆಗಿತ್ತು. ಹಾಸನದಲ್ಲಿ ನನ್ನನ್ನು ಬಲ್ಲ ಹೆಚ್ಚಿನವರಿಗೆ ಈ ವಿಷಯ ತಿಳಿಯುತ್ತಿರುವುದು ಇವತ್ತೇ. ನಾನಾಗಿ ಹೇಳುವವರೆಗೂ ಇದನ್ನು ತಮ್ಮಲ್ಲೇ ಇಟ್ಟುಕೊಂಡವರಿಗೆ ಕೃತಜ್ಞತೆ ಸಲ್ಲಿಸಲು ಇದನ್ನು ಬರೆಯುತ್ತಿದ್ದೇನೆ.

ಕ್ಯಾನ್ಸರ್ ನಾಚಿಕೆ ಪಡುವ ಕಾಯಿಲೆಯಲ್ಲ. ಆದರೂ ನನಗೆ ಸ್ವಲ್ಪ ಕಾಲ ಬೇಕಿತ್ತು. ಮಗಳು ದ್ವಿತೀಯ ಪಿಯುಸಿಯಲ್ಲಿದ್ದಳು. ಅವಳಿಗೆ ನಾನೇ ಹೇಳಬೇಕಿತ್ತು, ಕಾಲೇಜಿನಲ್ಲಿ ಯಾರೋ ಕೇಳಿ ಅವಳಿಗೆ ತಿಳಿಯಬಾರದಿತ್ತು. ಆಲೂರಿನ ಕಡೆ ಹಳ್ಳಿಯಲ್ಲಿರುವ ಅಮ್ಮನಿಗೆ ಹೃದಯದ ತೊಂದರೆ. ನಮ್ಮ ಊರಾದರೋ, ಬೆಳಿಗ್ಗೆ ಸಂತೆಪೇಟೆಯಲ್ಲಿ ಆಡಿದ ಮಾತು ಸಂಜೆಯ ಹೊತ್ತಿಗೆ ಇಲ್ಲಿನದೇ ಬಡಾವಣೆ ಕೆ.ಆರ್. ಪುರಂನಲ್ಲಿ ಕೇಳಿಸುವ ಊರು. ನೋಡಲು ಬರುವವರ ಪ್ರೀತಿ ದೊಡ್ಡದೇ. ಆದರೆ ಬಂದವರು ಇದೇ ಕಾಯಿಲೆಯಿಂದ ತೀರಿಕೊಂಡವರ ಹೆಸರುಗಳನ್ನೂ ಹೊತ್ತು ತರುತ್ತಾರೆ.

ಮೊದಲ ನಮಸ್ಕಾರ ಬೆಂಗಳೂರಿನ ಆ ಡಾಕ್ಟರ್ ಮೇಡಂಗೆ. ಬಯಾಪ್ಸಿ ವರದಿ ಬಂದ ದಿನ ನನ್ನ ಯಜಮಾನರು, ಭಾವ, ಅಕ್ಕ ಎಲ್ಲರೂ ಜೊತೆಗೆ ಒಳಗೆ ಬಂದಿದ್ದರು. ನಮ್ಮಲ್ಲಿ ಇಂಥ ಸುದ್ದಿಯನ್ನು ಗಂಡಸರನ್ನು ಪಕ್ಕಕ್ಕೆ ಕರೆದು ಹೇಳುವುದು ವಾಡಿಕೆ. ರೋಗಿಗೆ ತಿಳಿಯುವುದು ಕೊನೆಗೆ, ಅದೂ ಅರ್ಧಂಬರ್ಧ. ಮೇಡಂ ಎಲ್ಲರನ್ನೂ ಹೊರಗೆ ಕೂರಲು ವಿನಂತಿಸಿ, ನನ್ನ ಕಡೆ ತಿರುಗಿ ಕೇಳಿದರು: "ನಿಮಗೊಬ್ಬರಿಗೇ ಹೇಳಲೋ, ಮನೆಯವರನ್ನೂ ಕರೆಯಲೋ?" ಯಜಮಾನರೊಬ್ಬರು ಇರಲಿ ಎಂದೆ. ಹಾಗೆಯೇ ಆಯಿತು. ಒಂದು ಹಾಳೆಯ ಮೇಲೆ ಚಿತ್ರ ಬರೆದು, ಗಡ್ಡೆ ಎಲ್ಲಿದೆ, ಹಾರ್ಮೋನ್ ಪರೀಕ್ಷೆ ಏಕೆ ಬೇಕು, ಮೊದಲು ಯಾವ ಚಿಕಿತ್ಸೆ, ಆಮೇಲೆ ಯಾವುದು ಎಂದು ನನಗೇ ವಿವರಿಸಿದರು. ಎರಡು ದಿನ ಬಿಟ್ಟು ಭಾವ ಕಾಳಜಿಯಿಂದ ಅವರಿಗೆ ಫೋನು ಮಾಡಿದಾಗ, "ಅವರು ಒಪ್ಪದೆ ನಾನು ಏನೂ ಹೇಳುವಂತಿಲ್ಲ, ಬೇಸರ ಮಾಡಿಕೊಳ್ಳಬೇಡಿ" ಎಂದರಂತೆ. ಭಾವನಿಗೆ ಸ್ವಲ್ಪ ಬೇಸರವಾಯಿತು. ನನಗೆ ಮಾತ್ರ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ನನ್ನನ್ನು ಪರೀಕ್ಷಿಸುವ ಮುನ್ನ ಪ್ರತಿಸಲವೂ ತಾವಾಗಿಯೇ ನರ್ಸ್ ಒಬ್ಬರನ್ನು ಒಳಗೆ ಕರೆಯುತ್ತಿದ್ದ ಸರ್ಜನ್ ಅವರಿಗೆ ವಂದನೆ. ಪುರುಷ ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜೊತೆಗಿರುವುದು ಮಹಿಳಾ ರೋಗಿಯ ಹಕ್ಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಸನ್ನದಿನಲ್ಲೇ ಇದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಕಿಮೋ ವಾರ್ಡಿನ ಸಿಸ್ಟರ್, ನಿಮ್ಮ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆದರೆ ನಿಮಗೇ ಗೊತ್ತು. ಮಂಚಕ್ಕೆ ಮಂಚ ತಾಗುವಂತಿದ್ದ ಆ ಕೋಣೆಯಲ್ಲಿ ನೀವು ಮೊದಲು ಪರದೆ ಎಳೆಯುತ್ತಿದ್ದಿರಿ, ಆಮೇಲೆ ಮಾತು. ಕೆಂಪು ಔಷಧಿ ಹಾಕಿದ ದಿನ ನನ್ನ ಕಿವಿಯ ಹತ್ತಿರ ಬಾಗಿ, "ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ, ಅದು ರಕ್ತವಲ್ಲ, ಔಷಧಿಯ ಬಣ್ಣ, ಹೆದರಬೇಡಿ" ಎಂದಿರಿ. ಪಕ್ಕದ ಮಂಚದವರಿಗೂ ಕೇಳಿಸದಷ್ಟು ಮೆಲ್ಲಗೆ. ಮೈಯ ವಿಷಯಗಳನ್ನು ಇಷ್ಟು ಗೌರವದಿಂದ ಮಾತನಾಡಬಹುದೆಂದು ನನಗೆ ತೋರಿಸಿಕೊಟ್ಟವರು ನೀವು.

ಹಾಸನದಲ್ಲಿ ಒಂದು ಕಹಿ ಘಟನೆಯೂ ಆಯಿತು. ಒಂದು ಲ್ಯಾಬಿನವರು ನನ್ನ ವರದಿಯನ್ನು ನಮ್ಮ ಸಂಬಂಧಿಕರೊಬ್ಬರ ವಾಟ್ಸಾಪಿಗೆ ಕಳುಹಿಸಿಬಿಟ್ಟರು. ಲ್ಯಾಬಿನವರಿಗೆ ಪರಿಚಯವಿದ್ದ ನಂಬರ್ ಅದಂತೆ. ಅಂದು ಸಂಜೆ ಯಾರೋ ಅಡುಗೆಮನೆಯಲ್ಲಿ ನಿಂತಿದ್ದ ನನಗೆ ಫೋನು ಮಾಡಿ ಅಳತೊಡಗಿದರು. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆಗ ಬೆನ್ನಿಗೆ ನಿಂತವನು ಇಲ್ಲಿನ ಕೋರ್ಟಿನಲ್ಲಿ ವಕಾಲತ್ತು ಮಾಡುವ ಅಕ್ಕನ ಮಗ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ತೀರ್ಪನ್ನು ಅವನು ನನಗೆ ಬಿಡಿಸಿ ಹೇಳಿದ. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಗಳಾಗಿದ್ದವರು. ರೋಗಿಯ ಗುಟ್ಟನ್ನು ವೈದ್ಯರು ಕಾಪಾಡಬೇಕೆಂದು, ರೋಗಿ ಕೇಳಿದರೆ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಗಳಲ್ಲಿ ಇರುವುದನ್ನೂ ತೋರಿಸಿದ. ಜಗಳಕ್ಕೆ ಹೋಗದೆ ಒಂದು ಪುಟದ ಪತ್ರ ಬರೆದುಕೊಟ್ಟ. ಲ್ಯಾಬಿನ ಮಾಲೀಕರು ಕರೆದು ಕ್ಷಮೆ ಕೇಳಿದರು. ಈಗ ಅಲ್ಲಿ ರೋಗಿಯನ್ನೇ ಕೇಳಿ ನಂಬರ್ ಬರೆದುಕೊಳ್ಳುತ್ತಾರೆ. ಪುಟ್ಟಾ, ನೀನು ಫೀಸು ತೆಗೆದುಕೊಳ್ಳಲಿಲ್ಲ, ಇದನ್ನಾದರೂ ತೆಗೆದುಕೋ.

ಇದಕ್ಕೆ ತದ್ವಿರುದ್ಧವಾಗಿದ್ದವನು ಮತ್ತೊಂದು ಲ್ಯಾಬಿನ ಹುಡುಗ. ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನೂ ಗಡ್ಡೆಯ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಬೆಂಗಳೂರಿಗೆ ಒಯ್ಯಬೇಕಿತ್ತು, ಅಲ್ಲಿ ಮತ್ತೊಮ್ಮೆ ನೋಡುತ್ತಾರೆ. ಅವನು ಅವುಗಳನ್ನು ಹತ್ತಿಯಲ್ಲಿ ಸುತ್ತಿ, ಸಣ್ಣ ಡಬ್ಬಿಗೆ ಹಾಕಿ, ಕಂದು ಕವರಿನ ಮೇಲೆ ಬರೀ ನಂಬರ್ ಬರೆದ. ಕೌಂಟರಿನಲ್ಲಿ ಜನವಿದ್ದರು. ಹೆಸರು ಕೂಗಲಿಲ್ಲ, ನನ್ನ ಚೀಟಿ ನೋಡಿ, ಸಹಿ ಮಾಡಿಸಿಕೊಂಡು, "ಬಿಸಿಲಿಗೆ ಇಡಬೇಡಿ ಮೇಡಂ, ಮೇಣ ಕರಗುತ್ತದೆ" ಎಂದಷ್ಟೇ ಹೇಳಿದ. ರೈಲಿನಲ್ಲಿ ಯಶವಂತಪುರದವರೆಗೂ ಆ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ.

ನಾನು ಕೆಲಸ ಮಾಡುವ ಶಾಲೆಯ ಮುಖ್ಯೋಪಾಧ್ಯಾಯರು ನನ್ನ ವೈದ್ಯಕೀಯ ಪ್ರಮಾಣಪತ್ರವನ್ನು ಮುಚ್ಚಿದ ಲಕೋಟೆಯಲ್ಲೇ ಮುಂದಕ್ಕೆ ಕಳುಹಿಸಿದರು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ವಿಷಯ ನಿರ್ವಾಹಕರು ಬಿಲ್ಲುಗಳಲ್ಲಿ ಔಷಧಿಯ ಹೆಸರು ಓದಿ ಎಲ್ಲವನ್ನೂ ಅರಿತಿದ್ದರು, ಆದರೆ ಎದುರು ಸಿಕ್ಕಾಗಲೆಲ್ಲ ಮಳೆಯ ವಿಷಯವನ್ನೇ ಮಾತನಾಡಿದರು. ಮೆಡಿಕಲ್ ಶಾಪಿನ ಅಣ್ಣ ಮಾತ್ರೆಯನ್ನು ಕಾಗದದ ಕವರಿಗೆ ಹಾಕಿ ಸಿದ್ಧವಾಗಿ ಇಟ್ಟಿರುತ್ತಿದ್ದರು. ನಾನು ಬಾಯಿ ಬಿಟ್ಟು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಅತ್ತೆಯ ಬಗ್ಗೆ ಬರೆಯದೆ ಮುಗಿಸಲಾರೆ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ನಮ್ಮ ಮನೆ ನೆಂಟರಿಂದ ತುಂಬಿರುತ್ತದೆ. ಆ ವರ್ಷ ನನ್ನ ಕೂದಲು ಪೂರ್ತಿ ಉದುರಿತ್ತು. ಮಹಡಿಯ ಕೋಣೆಯಲ್ಲಿ ನನಗೆ ಹಾಸಿಗೆ ಹಾಸಿಕೊಟ್ಟು, ಮಂಡಿ ನೋವಿದ್ದರೂ ತಟ್ಟೆ ಹಿಡಿದು ತಾವೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ಸೊಸೆ ಎಲ್ಲಿ ಎಂದು ಕೇಳಿದವರಿಗೆ, "ಅವಳಿಗೆ ಹುಷಾರಿಲ್ಲ, ಮಲಗಲಿ ಬಿಡಿ" ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದರು. ಎಂದೂ ಸುಳ್ಳು ಹೇಳಲಿಲ್ಲ, ಒಂದು ಮಾತು ಹೆಚ್ಚೂ ಹೇಳಲಿಲ್ಲ. ಅತ್ತೆ, ನಿಮ್ಮ ಕಾಲಿಗೆ ಬಿದ್ದರೂ ಈ ಋಣ ತೀರುವುದಿಲ್ಲ.

ಮಗಳಿಗೆ ನಾನೇ ಹೇಳಿದೆ, ನನಗೆ ಧೈರ್ಯ ಬಂದ ದಿನ. ಅಮ್ಮನಿಗೂ ನಾನೇ ಹೇಳಿದೆ. ಇವರೆಲ್ಲ ಸೇರಿ ನನಗೆ ಆ ಅವಕಾಶ ಉಳಿಸಿಕೊಟ್ಟರು.

ಹಾಸನ, ಆಲೂರು, ಬೇಲೂರು ಕಡೆಯಿಂದ ಹೊಸದಾಗಿ ಬೆಂಗಳೂರಿಗೆ ಓಡಾಡಬೇಕಾಗಿ ಬಂದವರು ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ಸಂದೇಶ ಕಳುಹಿಸಿ. ಸ್ಲೈಡ್, ಬ್ಲಾಕ್ ಕೇಳುವುದು ಹೇಗೆ, ದಾಖಲೆಗಳಿಗೆ ಅರ್ಜಿ ಬರೆಯುವುದು ಹೇಗೆ, ವರದಿ ಯಾರ ಕೈಗೆ ಹೋಗಬೇಕೆಂದು ಮೊದಲ ದಿನವೇ ಹೇಳಿಡುವುದು ಹೇಗೆ ಎಂದು ತಿಳಿಸುತ್ತೇನೆ. ಅಕ್ಕನ ಮಗ ಬರೆದ ಪತ್ರದ ನಕಲೂ ಇದೆ. ನಿಮ್ಮ ಹೆಸರು ಹೇಳಬೇಕೆಂದಿಲ್ಲ.